ಹಬ್ಬದ ಲೋಕಮ್‌ಗೆ ಹೂಂ ಅನ್ನುವ ಮುಂಚೆ

ಎಂಬಿಬಿಎಸ್ ಮುಗಿಸಿ ಪಿಜಿಗೆ ಓದುತ್ತಾ, ಖರ್ಚಿಗೆ ಅಂತ ಅಲ್ಲಿ ಇಲ್ಲಿ ಲೋಕಮ್ ಡ್ಯೂಟಿ, ಅಂದರೆ ರಜೆ ಹೋದ ಡಾಕ್ಟರ ಬದಲಿಗೆ ಕೆಲವು ದಿನದ ಕೆಲಸ, ಮಾಡುತ್ತಿರುವವರು ಇದನ್ನು ಓದಿ. ದೀಪಾವಳಿ ಹತ್ತಿರ ಬಂದ ಹಾಗೆ ವಾಟ್ಸಾಪ್‌ನಲ್ಲಿ ಮೆಸೇಜ್ ಶುರುವಾಗುತ್ತದೆ. ಅರ್ಜೆಂಟ್, ಡ್ಯೂಟಿ ಡಾಕ್ಟರ್ ಬೇಕು, ಡಬಲ್ ರೇಟ್, ಊಟ ವಸತಿ ಫ್ರೀ. 2024ರಲ್ಲಿ ಅಂಥ ಒಂದು ಮೆಸೇಜಿಗೆ ನಾನು ಐದೇ ನಿಮಿಷದಲ್ಲಿ ಹೂಂ ಅಂದೆ.

ದುಡ್ಡಿನ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಜಾಸ್ತಿ, ಮನೆಗೆ ಹೋಗಲು ಮನಸ್ಸಿರಲಿಲ್ಲ. ಆ ವರ್ಷ ಆಗಸ್ಟ್ 11ಕ್ಕೆ ನಡೆದ, ಪಿಜಿ ಸೀಟಿನ ಪ್ರವೇಶ ಪರೀಕ್ಷೆ ನೀಟ್ ಪಿಜಿಯಲ್ಲಿ ನನ್ನ ರ‍್ಯಾಂಕ್ ಹೇಳಿಕೊಳ್ಳುವ ಹಾಗಿರಲಿಲ್ಲ. ಹಬ್ಬಕ್ಕೆ ಬಂದ ನೆಂಟರೆಲ್ಲ ಸೀಟು ಎಲ್ಲಾಯ್ತಪ್ಪಾ ಅಂತ ಕೇಳುತ್ತಾರೆ. ಅದನ್ನು ತಪ್ಪಿಸಿಕೊಳ್ಳಲು ದುಡ್ಡು ಬೇರೆ ಕೊಡುತ್ತಾರೆ ಅಂದರೆ ಯಾರು ಬಿಡುತ್ತಾರೆ ಅಲ್ವಾ?

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರು, ಇಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ಅಕ್ಟೋಬರ್ 30ರ ಸಂಜೆ ಬಸ್ ಇಳಿದಾಗ ಮನೆಮನೆಯಲ್ಲೂ ಹಂಡೆ ತೊಳೆದು ನೀರು ತುಂಬುತ್ತಿದ್ದರು. ಆಸ್ಪತ್ರೆಯ ಯಜಮಾನ ಡಾಕ್ಟರು ಕಾರಿನ ಡಿಕ್ಕಿಗೆ ಪಟಾಕಿ ಬಾಕ್ಸ್ ತುಂಬುತ್ತಾ, 'ಏನಾದ್ರೂ ಇದ್ರೆ ಫೋನ್ ಮಾಡಿ' ಅಂದು ಹೊರಟರು. ಉಳಿದವರು ಇಬ್ಬರು ಸಿಸ್ಟರ್‌ಗಳು, ಒಬ್ಬ ಆಯಾ, ನಾನು. ಬೇರೆ ಡಾಕ್ಟರು ಯಾರಿದ್ದಾರೆ ಅಂತ ನಾನೂ ಕೇಳಿರಲಿಲ್ಲ, ಮೆಸೇಜ್ ಕಳಿಸಿದ್ದ ಏಜೆಂಟನೂ ಹೇಳಿರಲಿಲ್ಲ. ನಾಲ್ಕು ದಿನ ಹಗಲೂ ರಾತ್ರಿ ನಾನೊಬ್ಬನೇ. ಡಬಲ್ ರೇಟ್ ಯಾಕೆ ಅಂತ ಆಗ ಅರ್ಥವಾಯಿತು.

ಫ್ರೀ ಊಟ ಅಂದರೆ ಎದುರಿನ ಮೆಸ್. ಅದು ಹಬ್ಬಕ್ಕೆ ಬಾಗಿಲು ಹಾಕಿತ್ತು. ನರಕ ಚತುರ್ದಶಿಯ ಬೆಳಿಗ್ಗೆ ಊರೆಲ್ಲ ಎಣ್ಣೆಸ್ನಾನ ಮಾಡುತ್ತಿದ್ದಾಗ ನಾನು ಜನರೇಟರ್ ಪಕ್ಕದ ರೂಮಿನಲ್ಲಿ ಬಿಸ್ಕತ್ತನ್ನು ಟೀಗೆ ಅದ್ದಿಕೊಂಡು ಕೂತಿದ್ದೆ. ಅಮ್ಮ ವಿಡಿಯೋ ಕಾಲ್ ಮಾಡಿದರು. ಊಟ ಆಯ್ತಾ ಅಂದರು, ಆಯ್ತು, ಹೋಳಿಗೆ ಮಾಡಿದ್ರು ಅಂದೆ. ಯಾವ ಹೋಳಿಗೆ ಅಂತ ಕೇಳಿದರು. ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡಿದೆ.

ಕೇಸುಗಳ ವಿಷಯ ನಿಮಗೇ ಗೊತ್ತು. ಹೂಕುಂಡದಲ್ಲಿ ಕೈ ಸುಟ್ಟುಕೊಂಡ ಹುಡುಗ, ಅಂಗೈ ತುಂಬಾ ಟೂತ್‌ಪೇಸ್ಟ್. ನೋಯುತ್ತಿದ್ದ ಆ ಕೈಯಿಂದ ಅದನ್ನು ತೊಳೆದು ತೆಗೆಯುವುದೇ ಅರ್ಧ ಗಂಟೆ. (ದಯವಿಟ್ಟು ಪೇಸ್ಟ್, ಇಂಕು ಏನೂ ಹಚ್ಚಬೇಡಿ. ಸುಟ್ಟ ಕೂಡಲೇ ಇಪ್ಪತ್ತು ನಿಮಿಷ ಹರಿಯುವ ನಲ್ಲಿ ನೀರಿಗೆ ಹಿಡಿಯಿರಿ, ಅಷ್ಟೇ.) ಕಣ್ಣಿಗೆ ಕಿಡಿ ಹಾರಿದ ಇನ್ನೊಬ್ಬನಿಗೆ ಪೇಪರ್ ಕಪ್ಪಿನ ತಳ ಕತ್ತರಿಸಿ, ಒತ್ತದ ಹಾಗೆ ಕಣ್ಣಿನ ಮೇಲೆ ಅಂಟಿಸಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿದೆ. ಇವೆಲ್ಲ ಮಾಡಬಹುದಾದ ಕೆಲಸಗಳು.

ಎರಡನೇ ರಾತ್ರಿ ಎರಡು ಗಂಟೆಗೆ ಒಬ್ಬರು ಎದೆನೋವು ಅಂತ ಬಂದರು. ಐವತ್ತರ ಆಸುಪಾಸು, ಬೆವರಿ ಅಂಗಿ ಮೈಗೆ ಅಂಟಿತ್ತು. ಇಸಿಜಿ ನೋಡಿದರೆ ಅನುಮಾನಕ್ಕೆ ಜಾಗವೇ ಇಲ್ಲ, ಹಾರ್ಟ್ ಅಟ್ಯಾಕ್. ಆಸ್ಪಿರಿನ್ ಅಗಿಯಲು ಕೊಟ್ಟೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸ್ಟಾಕ್ ಇಲ್ಲ. ಯಜಮಾನರಿಗೆ ಏಳು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಶಿವಮೊಗ್ಗಕ್ಕೆ ಒಂದೂವರೆ ಗಂಟೆ ದಾರಿ. ನಾನು ರೆಫರಲ್ ಲೆಟರ್ ಬರೆಯುತ್ತಿದ್ದಾಗ ಸಿಸ್ಟರ್ ಬಂದು, 'ಸರ್, ಇಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಫ್ರೀ ಕೊಡ್ತಾರೆ, ಪುನೀತ್ ಹೆಸರಿನ ಸ್ಕೀಮು' ಅಂದರು. ಹೃದಯಜ್ಯೋತಿ ಯೋಜನೆ. ನಾನು ಅದರ ಬಗ್ಗೆ ಪೇಪರಿನಲ್ಲಿ ಓದಿದ್ದೆ, ಆದರೆ ಎರಡು ಕಿಲೋಮೀಟರ್ ಆಚೆ ಇದೆ ಅಂತ ಹೊರಗಿನವನಿಗೆ ಹೇಗೆ ಗೊತ್ತಾಗಬೇಕು? ಆ ಸಿಸ್ಟರ್ ಅವತ್ತು ರಜೆ ಹಾಕಿದ್ದರೆ ಅನ್ನುವ ಯೋಚನೆ ಈಗಲೂ ಬರುತ್ತದೆ.

ಅವರನ್ನು ಅಲ್ಲಿಗೆ ಕಳಿಸಿದೆ. ಆಮೇಲೆ ಏನಾಯಿತು ಗೊತ್ತಿಲ್ಲ. ಮಾರನೇ ದಿನ ವಿಚಾರಿಸಲು ಧೈರ್ಯ ಬರಲಿಲ್ಲ, ಅದರ ಮಾರನೇ ದಿನ ನಾನೇ ಆ ಊರು ಬಿಟ್ಟೆ. ಲೋಕಮ್‌ನಲ್ಲಿ ನನ್ನನ್ನು ಕೊರೆದಿದ್ದು ಇದೇ. ಕಾಯಂ ಇರುವವರು ಒಂದು ವಾರ ಬಿಟ್ಟು ಫಾಲೋಅಪ್‌ನಲ್ಲಿ ರೋಗಿಯ ಮುಖ ನೋಡುತ್ತಾರೆ, ಇಲ್ಲವೇ ಕ್ಯಾಂಟೀನಿನಲ್ಲಿ ಯಾರ ಜೊತೆಗಾದರೂ ಹೇಳಿಕೊಂಡು ಹಗುರಾಗುತ್ತಾರೆ. ನಾವು ಮಾತ್ರ ಅರ್ಧ ಕಥೆ ಹೊತ್ತುಕೊಂಡು ಬಸ್ ಹತ್ತುತ್ತೇವೆ.

ಪಾಡ್ಯದ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುವ ಅಂಟಿಗೆ ಪಂಟಿಗೆಯವರು ಆಸ್ಪತ್ರೆ ಗೇಟಿಗೂ ಬಂದರು. ಆಯಾ ಓಡಿಹೋಗಿ ದೀಪಕ್ಕೆ ಎಣ್ಣೆ ಹೊಯ್ದರು. ನನ್ನನ್ನು ನೋಡಿ ಒಬ್ಬ ಅಜ್ಜ, ಯಾವೂರು ಮಗಾ, ಹಬ್ಬಕ್ಕೆ ಮನೆಗೆ ಹೋಗ್ಲಿಲ್ವಾ ಅಂದರು. ಅಷ್ಟಕ್ಕೇ ಗಂಟಲು ಕಟ್ಟಿತು. ಕ್ಯಾಶುವಾಲ್ಟಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ವಾಪಸ್ ಬಂದ ಮೇಲೂ ಮೂರು ವಾರ ನಿದ್ದೆ ಸರಿಯಾಗಲಿಲ್ಲ. ಎರಡು ಗಂಟೆಗೆ ಸರಿಯಾಗಿ ಎಚ್ಚರ, ಎಲ್ಲೋ ಇಂಟರ್‌ಕಾಮ್ ಹೊಡೆದ ಹಾಗೆ. ಕೊನೆಗೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿದೆ. ಎಷ್ಟೋ ರೋಗಿಗಳಿಗೆ ಆ ನಂಬರ್ ಬರೆದುಕೊಟ್ಟವನಿಗೆ ತಾನೇ ಒತ್ತಲು ನಾಚಿಕೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ. ಡಾಕ್ಟರ್ ಅಂತ ಹೇಳದೆಯೇ ಇಪ್ಪತ್ತು ನಿಮಿಷ ಮಾತಾಡಿದೆ. ಆಮೇಲೆ ಅಮ್ಮನಿಗೂ ಹೋಳಿಗೆ ವಿಷಯ ಒಪ್ಪಿಕೊಂಡೆ.

ದುಡ್ಡಿನ ಕಥೆ ಬೇರೆ. ಅರ್ಧ ಬಂತು. ಟಿಡಿಎಸ್ ಅಂತ, ಅಂದರೆ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ ಅಂತ, ಹತ್ತು ಪರ್ಸೆಂಟ್ ಹಿಡಿದಿದ್ದರು, ನಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಲೆಕ್ಕ ತೋರಿಸುವ 26ಎಎಸ್ ತೆಗೆದು ನೋಡಿದರೆ ಅಲ್ಲಿ ಒಂದು ರೂಪಾಯಿಯೂ ಇಲ್ಲ. ಕಾಗದದ ಮೇಲೆ ಏನೂ ಬರೆಸಿಕೊಳ್ಳದ ಮೇಲೆ ಯಾರನ್ನು ಕೇಳುವುದು? ಹೋಗಲೇಬೇಕು ಅನ್ನುವವರು ಎಷ್ಟು ಗಂಟೆ, ಎಷ್ಟು ದುಡ್ಡು, ಯಾವತ್ತು ಕೊಡುತ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ. ರಾತ್ರಿ ಫೋನ್ ಎತ್ತುವ ಕನ್ಸಲ್ಟೆಂಟ್, ಅಂದರೆ ಹಿರಿಯ ಡಾಕ್ಟರ್, ಯಾರು ಅಂತ ಕೇಳಿ, ಅವರಿಗೆ ಒಮ್ಮೆ ಫೋನ್ ಮಾಡಿಯೇ ನೋಡಿ. ಹೋದ ದಿನವೇ ಸಿಸ್ಟರ್ ಹತ್ತಿರ ಕೂತು ಆ ಊರಲ್ಲಿ ಯಾವುದಕ್ಕೆ ಯಾವ ಆಸ್ಪತ್ರೆ ಅಂತ ತಿಳಿದುಕೊಳ್ಳಿ. ನನ್ನ ಹಾಗೆ ಮನೆಯಿಂದ ತಪ್ಪಿಸಿಕೊಳ್ಳಲು ಹೊರಟಿದ್ದರೆ ಮಾತ್ರ ಬೇಡ, ನೆಂಟರ ಪ್ರಶ್ನೆ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ.

ಮುಂದಿನ ದೀಪಾವಳಿಗೆ ಅದೇ ಏಜೆಂಟ್ ಅದೇ ಮೆಸೇಜ್ ಕಳಿಸಿದ, ಡಬಲ್ ರೇಟ್ ಸಮೇತ. ರಾತ್ರಿ ನನ್ನ ಜೊತೆ ಇನ್ನೊಬ್ಬ ಡಾಕ್ಟರ್ ಯಾರಿರ್ತಾರೆ ಅಂತ ಕೇಳಿದೆ. ಬ್ಲೂ ಟಿಕ್ ಬಂತು. ಉತ್ತರ ಬರಲಿಲ್ಲ.