ಸ್ಟೇಜ್ ಬಿಡವಲ್ದು ಅನ್ನೋರಿಗೆ: ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ನಾಕು ತಿಂಗಳು ಆಡಿದಮ್ಯಾಲ

ರಾಕೆಟ್ ಕಟ್ಟಿ ಹಾರಿಸೂ ಈ ಕಂಪ್ಯೂಟರ್ ಗೇಮಿನ ರಿವ್ಯೂ ಬರೀಬೇಕು ಅಂತ ಬಾಳ ದಿನದಿಂದ ಇತ್ರಿ, ಆದ್ರ ಸ್ಟೇಜ್ ಬಿಡೂ ವಿಷಯ ಪೂರ್ತಿ ಬಗೆಹರಿಯೂತನ ಬ್ಯಾಡ ಅಂತ ತಡದಿದ್ದೆ. ಸ್ಟೇಜ್ ಬಿಡೂದು ಅಂದ್ರ ಇಂಧನ ಖಾಲಿಯಾದ ತುಂಡು ಕಳಚಿ ಬೀಳಬೇಕು, ಉಳದಿದ್ದು ಮುಂದ ಹೋಗಬೇಕು. ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ತಗೊಂಡ ಹೊಸಬರು ಬಾಳ ಮಂದಿ ಇಲ್ಲೇ ಸಿಕ್ಕೊಂತಾರ. ನಮ್ಮ ಆಫೀಸಿನ್ಯಾಗ ಇಬ್ರು ತಗೊಂಡಿದ್ರು, ದಿನಾ ರಾಕೆಟ್ ಒಡದು ಒಡದು ಬ್ಯಾಸತ್ತು, ಗೇಮೇ ಸರಿ ಇಲ್ಲ ಅಂತ ಅನ್‌ಇನ್‌ಸ್ಟಾಲ್ ಮಾಡಿದ್ರು. ಗೇಮ್ ಸರಿ ಐತ್ರಿ. ಸ್ಟೇಜ್ ಬಿಡಲಿಲ್ಲ ಅಂದ್ರ ಅದಕ್ಕೊಂದು ಕಾರಣ ಇದ್ದೇ ಇರತೈತಿ, ಕುಂತು ನೋಡಿದ್ರ ಸಿಗತೈತಿ, ಇಷ್ಟು ಹೇಳಾಕ ಇದನ್ನ ಬರಿಯಾಕತ್ತೀನಿ.

ನಾವು ಇರೂದು ಬಾಗಲಕೋಟಿ ನವನಗರದಾಗ. ಅಕ್ಕನ ಮಗಳು ಮುಧೋಳ ಕಡೆ ಹಳ್ಳಿಯಿಂದ ಸಾಲಿ ಸಲುವಾಗಿ ಬಂದು ನಮ್ಮ ಮನ್ಯಾಗ ಅದಾಳ, ಈಗ ಒಂಬತ್ತನೇತ್ತ. 2023ರ ಆಗಸ್ಟ್ 23ಕ್ಕ ಸಂಜೀಕ ಚಂದ್ರಯಾನ-3 ಇಳಿಯೂದನ್ನ ಟಿವ್ಯಾಗ ನೋಡಿದ್ಲಲ್ಲ, ಅವತ್ತಿನಿಂದ ರಾಕೆಟ್ಟಿನ ಹುಚ್ಚು. ಅಕಿ ಸಲುವಾಗೇ ಈ ಗೇಮ್ ತಗೊಂಡಿದ್ದು, ಈಗ ರಾತ್ರಿ ಊಟ ಆತು ಅಂದ್ರ ಇಬ್ರೂ ಲ್ಯಾಪ್‌ಟಾಪ್ ಮುಂದ ಕುಂಡ್ರತೀವಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಮೆಕ್ಸಿಕೋ ಸಿಟಿಯ ಸ್ಕ್ವಾಡ್ ಅನ್ನೋ ಕಂಪನಿ ಮಾಡಿದ್ದು, 2011ರಾಗ ಮೊದಲ ಸಲ ಹೊರಗ ಬಂತು, 1.0 ಆವೃತ್ತಿ 2015ರ ಏಪ್ರಿಲ್‌ಗೆ, ಕೊನೇ ದೊಡ್ಡ ಅಪ್‌ಡೇಟ್ 1.12 ಬಂದಿದ್ದು 2021ಕ್ಕ. ಹಳೇ ಗೇಮ್ ಆಗಿದ್ದಕ್ಕ ನಮ್ಮ 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನ್ಯಾಗೂ ನಡೀತೈತಿ, ಪಾರ್ಟ್ ಬಾಳ ಹಚ್ಚಿದ್ರ ಮಾತ್ರ ನಿಧಾನ ಆಗತೈತಿ, ಆಗ ಮೂಲ್ಯಾಗಿನ ಟೈಮ್ ಹಸರು ಹೋಗಿ ಹಳದಿ ಆಗತೈತಿ. ಇದರಾಗಿನ ಕರ್ಬಿನ್ ಗ್ರಹದ ತ್ರಿಜ್ಯ ಬರೇ 600 ಕಿಮೀ, ನಮ್ಮ ಭೂಮಿದು 6,371. ಗಾಳಿ 70 ಕಿಮೀಗೆ ಮುಗೀತೈತಿ. ಕಕ್ಷೆಗೆ ಸೆಕೆಂಡಿಗೆ ಸುಮಾರು 2.3 ಕಿಮೀ ವೇಗ ಸಾಕು, ಭೂಮಿ ಮ್ಯಾಲಾದ್ರ 7.8ರ ಹತ್ರ ಬೇಕು. ಆದ್ರೂ ಖಾಲಿ ಟ್ಯಾಂಕ್ ಹೊತಗೊಂಡು ಹೋದ್ರ ಹೊಸಬರಿಗೆ ಅಷ್ಟೂ ಮುಟ್ಟೂದಿಲ್ಲ, ಅದಕ್ಕ ಸ್ಟೇಜ್ ಬೇಕಾ ಬೇಕು.

ನಮಗ ಮೊದಲು ಬಂದ ತೊಂದ್ರಿ ಬಾಳ ವಿಚಿತ್ರ ಅನಿಸಿತ್ತು. ಕೆಳಗಿನ ಸ್ಟೇಜ್ ಬಿಡ್ತು, ಮ್ಯಾಲಿನ ಟೆರಿಯರ್ ಇಂಜಿನ್ ಹತ್ಕೊಂತು, ಬೆಂಕಿ ಕಾಣತೈತಿ, ಇಂಧನ ಇಳಿಯಾಕತ್ತೈತಿ, ಆದ್ರ ವೇಗ ಒಂದಿಷ್ಟೂ ಏರವಲ್ದು. ಮೂರು ಸಂಜಿ ಇದೇ ಆತು. ಕಡೀಕ ಅಕಿ ಕ್ಯಾಮೆರಾ ತಿರುಗಿಸಿ ತಿರುಗಿಸಿ ಇಂಜಿನ್ ಬುಡಕ್ಕ ಹೋಗಿ, "ಮಾಮಾ, ಇಲ್ಲಿ ನೋಡ್ರಿ, ಮುಚ್ಚಳ ಹಂಗ ಕುಂತೈತಿ" ಅಂದ್ಲು. ಖರೇನೇ ಕುಂತಿತ್ತು. ಎರಡು ಸ್ಟೇಜ್ ನಡುವ ಕುಂತು ಅವನ್ನ ಬ್ಯಾರೆ ಮಾಡೂ ಡಿಕಪ್ಲರ್ ಅನ್ನೋ ಬಿಲ್ಲೆ ತಲಿಕೆಳಗಾಗಿ ಹಚ್ಚಿದ್ವಿ. ಅದರ ಮೈಮ್ಯಾಲ ಬಾಣದ ಗುರುತು ಇರತೈತ್ರಿ, ಬಾಣ ಯಾವ ಕಡೆ ತೋರಸತೈತೋ ಆ ಕಡೇದು ಕಳಚಿ ಹೋಗತೈತಿ, ಬಿಲ್ಲೆ ಇನ್ನೊಂದು ಕಡೆಗೆ ಉಳೀತೈತಿ. ಬಾಣ ಕೆಳಗ ಇತ್ತಂದ್ರ ಬಿಲ್ಲೆ ಮ್ಯಾಲಿನ ಇಂಜಿನ್ನಿಗೇ ಅಂಟಿ ಉಳದು ಉಗಿಯೂ ಬೆಂಕಿಗೆ ಅಡ್ಡ ಆಗತೈತಿ, ತಳ್ಳೂ ಶಕ್ತಿ ಅಲ್ಲೇ ಸತ್ತಹೋಗತೈತಿ. ಕಟ್ಟೂ ಶೆಡ್ಡಿನ್ಯಾಗ ಆ ಬಿಲ್ಲೆ ಹಿಡದು ಎಸ್ ಕೀ ಎರಡು ಸಲ ಒತ್ತಿ ತಿರುವಿದ್ರ ಮುಗೀತು.

ಎರಡನೇದು ಬೂಸ್ಟರಿಂದು, ಇದು ನಮ್ಮ ಒಂದು ತಿಂಗಳು ತಿಂತು. ನಡುವ ಸ್ವಿವೆಲ್ ಇಂಜಿನ್, ಎಡಕ್ಕ ಬಲಕ್ಕ ಎರಡು ಥಂಪರ್ ಬೂಸ್ಟರ್, ಅಂದ್ರ ಮೊದಲಿಗೆ ಜೋರ ತಳ್ಳಿ ಉರದಮ್ಯಾಲ ಬೀಳೂ ಬದಿ ರಾಕೆಟ್. ಸ್ಟೇಜ್ ಬಿಡಾಕ ಸ್ಪೇಸ್‌ಬಾರ್ ಒತ್ತಿದ ಕೂಡ್ಲೆ ಎಡಗಡೆ ಬೂಸ್ಟರಿನ ಮೂತಿ ಹೊರಗ ಹೋಗೂದು ಬಿಟ್ಟು ಒಳಗ ವಾಲೂದು, ವಾಲಿ ನಡುವಿನ ಟ್ಯಾಂಕಿಗೆ ಬಂದು ಬಡಿಯೂದು, ಟ್ಯಾಂಕ್ ಢಂ ಅನ್ನೂದು. ಇಂಥಾ ವ್ಯಾಳ್ಯಾಕ ಎಫ್3 ಒತ್ತಿ ನೋಡ್ರಿ, ಎಷ್ಟನೇ ಸೆಕೆಂಡಿಗೆ ಯಾವ ಪಾರ್ಟ್ ಯಾವುದಕ್ಕ ಬಡದು ಒಡೀತು ಅಂತ ಸಾಲಿಗೆ ಸಾಲು ಬರದಿರತೈತಿ. ಈ ಗೇಮಿನ್ಯಾಗ ನನಗ ಎಲ್ಲಕ್ಕಿಂತ ಹೆಚ್ಚಿಗೆ ಸೇರಿದ್ದು ಇದೇ, ಒಡದಿದ್ದನ್ನ ಮುಚ್ಚಿಡಂಗಿಲ್ಲ. ಅಕಿ ಒಂದು ಇನ್ನೂರು ಪೇಜಿನ ನೋಟಬುಕ್ ಇಟ್ಟಾಳ, ಪ್ರತಿ ಸಲ ಆ ಸಾಲು ಬರಕೊಂಡು ಮುಂದಿನ ಸಲ ಒಂದೇ ಒಂದು ಬದಲಾವಣಿ ಮಾಡಾಕಿ. ಎರಡು ಮೂರು ಒಮ್ಮೆ ಬದಲ ಮಾಡಿದ್ರ ಯಾವುದರಿಂದ ಸುದ್ದ ಆತು ಅನ್ನೂದು ತಿಳಿಯಂಗಿಲ್ಲ, ಇದನ್ನ ನಾ ಹೇಳಿಕೊಟ್ಟಿದ್ದಲ್ಲ, ಅಕಿನೇ ಕಂಡುಕೊಂಡಿದ್ದು.

ನೋಟಬುಕ್ಕಿನಿಂದ ತಿಳದಿದ್ದು ಏನಂದ್ರ, ನಾವು ಬಾಳ ಲಗೂನ ಬಿಡತಿದ್ವಿ. ಬೂಸ್ಟರಿನ್ಯಾಗ ಇನ್ನೂ ಚೂರು ಉರಿ ಉಳದಿರತಿತ್ತು, ಬಿಟ್ಟಮ್ಯಾಲೂ ಅದು ತಾನ ತಳ್ಳಕೊಂತ ಬರತಿತ್ತು. ಅಕಿ ಅಪ್ಪಾರದು ಕಬ್ಬಿನ ಸೀಜನ್ನಿನ್ಯಾಗ ಡಬಲ್ ಟ್ರೇಲಿ ಟ್ರ್ಯಾಕ್ಟರ್ ಫ್ಯಾಕ್ಟರಿಗೆ ನಡೀತೈತಿ, ಅದಕ್ಕ ಅಕಿಗೆ ತಟ್ಟನೆ ಹೊಳೀತು, "ಇಳಿಜಾರಿನ್ಯಾಗ ಟ್ರ್ಯಾಕ್ಟರ್ ನಿಂದ್ರಿಸಿದ್ರ ಟ್ರೇಲಿ ಹಿಂದಿಂದ ಬಂದು ಗುದ್ದತೈತಲ್ಲ ಮಾಮಾ, ಹಂಗ ಆಗೈತಿದು." ಇದು ಗೇಮಿನ್ಯಾಗ ಮಾತ್ರ ಆಗೂದಲ್ರಿ. ಸ್ಪೇಸ್ಎಕ್ಸ್‌ನ ಫಾಲ್ಕನ್ 1 ರಾಕೆಟ್ಟಿನ ಮೂರನೇ ಹಾರಾಟ 2008ರ ಆಗಸ್ಟಿನ್ಯಾಗ ಸೋತಿದ್ದೂ ಇದಕ್ಕ, ಇಂಜಿನ್ ಬಂದ್ ಆದಮ್ಯಾಲೂ ಉಳದ ಸ್ವಲ್ಪ ತಳ್ಳಾಟದಿಂದ ಕೆಳಗಿನ ಸ್ಟೇಜ್ ಹೋಗಿ ಮ್ಯಾಲಿನ ಸ್ಟೇಜಿಗೆ ಗುದ್ದಿತ್ತು. ಅವರು ಬಂದ್ ಮಾಡೂದಕ್ಕೂ ಬಿಡೂದಕ್ಕೂ ನಡುವ ಟೈಮ್ ಹೆಚ್ಚು ಮಾಡಿದ್ರು, ಮುಂದಿನ ತಿಂಗಳು ಸೆಪ್ಟೆಂಬರ್ 28ಕ್ಕ ನಾಕನೇದು ಕಕ್ಷೆ ಮುಟ್ತು. ನಾವೂ ಉರಿ ಪೂರ್ತಿ ಆರಿದಮ್ಯಾಲ ಎರಡು ಸೆಕೆಂಡ್ ತಡದು ಬಿಟ್ವಿ, ಅರ್ಧ ತೊಂದ್ರಿ ಅಲ್ಲೇ ಹೋತು.

ಉಳದ ಅರ್ಧ ಗಾಳಿದು. ಬಿಡೂ ಹೊತ್ತಿಗೆ ರಾಕೆಟ್ಟಿನ ಮೂತಿ ಹೊಂಟ ದಿಕ್ಕಿಗೆ ಸರಿಯಾಗಿ ಇರಬೇಕು, ಸೊಟ್ಟ ಇದ್ರ ಗಾಳಿ ಒಂದು ಬೂಸ್ಟರನ್ನ ಒಳಗ ಒತ್ತತೈತಿ. ಬದಿ ಡಿಕಪ್ಲರನ್ನ ಬೂಸ್ಟರಿನ ನಟ್ಟನಡುವ ಹಚ್ಚೂದಕ್ಕಿಂತ ಸ್ವಲ್ಪ ಮ್ಯಾಲ ಹಚ್ಚಬೇಕು, ಆಗ ಮೂತಿ ಮೊದಲು ಹೊರಗ ಹೋಗತೈತಿ, ಆಮ್ಯಾಲ ಗಾಳಿನೇ ಅದನ್ನ ದೂರ ಒಯ್ಯತೈತಿ. ಅಷ್ಟಕ್ಕೂ ಬಗ್ಗಲಿಲ್ಲ ಅಂದ್ರ ಸೆಪ್ರಟ್ರಾನ್ ಅಂತ ಅಂಗೈಯಷ್ಟು ಪುಟ್ಟ ಬೂಸ್ಟರ್ ಐತಿ, ಅದನ್ನ ದೊಡ್ಡ ಬೂಸ್ಟರಿನ ತುದಿಗೆ ಹಚ್ಚಿ ಬಿಡೂ ಸ್ಟೇಜಿನ್ಯಾಗೇ, ಅಂದ್ರ ಅದೇ ಸ್ಪೇಸ್‌ಬಾರ್ ಒತ್ತಿಗೆ ಹತ್ತೂವಂಗ, ಇಡ್ರಿ, ಆದ್ರ ಅದರ ಬೆಂಕಿ ನೇರ ನಡುವಿನ ಟ್ಯಾಂಕಿಗೆ ತಾಗದಂಗ ಓರಿ ಮಾಡ್ರಿ, ಇಲ್ಲಾಂದ್ರ ಟ್ಯಾಂಕ್ ಕಾದು ಅದೊಂದು ಬ್ಯಾರೆ ಅನಾಹುತ.

ಇನ್ನೊಂದು ಪಾಠ ಚಂದ್ರಯಾನ-3 ಒಯ್ದ ಇಸ್ರೋದ ಎಲ್‌ವಿಎಂ3 ರಾಕೆಟ್ಟಿನಿಂದ ಕಲತ್ವಿ. ಚಂದ್ರಯಾನ-3 ಹಾರಿದಾಗ ನಡುವಿನ ಎಲ್110 ಸ್ಟೇಜ್ ಸುಮಾರು 108ನೇ ಸೆಕೆಂಡಿಗೆ ಹತ್ತಕೊಂಡ್ರ ಬದಿಯ ಎಸ್200 ಬೂಸ್ಟರ್ ಬಿಟ್ಟಿದ್ದು ಸುಮಾರು 127ಕ್ಕ. ಅಂದ್ರ ನಡುವಿಂದು ಮೊದಲು ಎಳೀಬೇಕು, ಬದಿಯವು ಆಮ್ಯಾಲ ಬೀಳಬೇಕು. ನಾವು ನಡುವಿನ ಇಂಜಿನ್ ಹತ್ತೂದು, ಬೂಸ್ಟರ್ ಬಿಡೂದು ಎರಡೂ ಒಂದೇ ಸ್ಟೇಜಿನ್ಯಾಗ ಇಟ್ಟಿದ್ವಿ, ಇಂಜಿನ್ನನ್ನ ಒಂದು ಸ್ಟೇಜ್ ಮೊದಲಿಗೆ ಸರಿಸಿದಮ್ಯಾಲ ನಡುವಿನ ರಾಕೆಟ್ ಬೂಸ್ಟರ್ ನಡುವಿಂದ ನುಣ್ಣಗ ಜಾರಿ ಮುಂದ ಹೋಗಾಕತ್ತು.

ಸ್ಪೇಸ್‌ಬಾರ್ ಒತ್ತಿದ್ರೂ ಏನೂ ಆಗಲಿಲ್ಲ ಅಂದ್ರ ಮೊದಲು ಆಲ್ಟ್ ಮತ್ತ ಎಲ್ ಒತ್ತಿ ನೋಡ್ರಿ, ಸ್ಟೇಜ್ ಲಾಕ್ ಆಗಿರಬಹುದು. ಡಿಕಪ್ಲರ್ ಸಿಡಿದ್ರೂ ತುಂಡು ಬಿಡಲಿಲ್ಲ ಅಂದ್ರ ಬೂಸ್ಟರ್ ಡಿಕಪ್ಲರಿಗೆ ಹತ್ತದ ನೇರ ನಡುವಿನ ಟ್ಯಾಂಕಿಗೇ ಹತ್ತೇತಿ ಅಂತ ತಿಳಕೋರಿ, ಬಿಚ್ಚಿ ಹಚ್ಚೂದು ಒಂದೇ ದಾರಿ. ಪಾರ್ಟ್ ಅಲುಗಾಡದಂಗ ಹಿಡಿಯೂ ಸ್ಟ್ರಟ್ ಅನ್ನೋ ಕಂಬಿ ಕಟ್ಟಿದ್ದಕ್ಕ ಬಿಡವಲ್ದು ಅಂತ ಕೆಲವರು ಅಂತಾರ, ಅದು ಖರೇ ಅಲ್ಲ, ತುಂಡು ಬಿಟ್ಟಾಗ ಸ್ಟ್ರಟ್ ತಾನ ಹರೀತೈತಿ. ಬಿಟ್ಟ ಕೂಡ್ಲೆ ಸ್ಫೋಟ ಆದ್ರ, ಚಂದ ಕಾಣ್ಲಿ ಅಂತ ಒಂದರಾಗ ಒಂದು ಪಾರ್ಟ್ ಹೊಗಿಸಿರತೀರಿ. ಒಂದೇ ರಾಕೆಟ್ ಇರೂತನ ಅವು ಒಂದಕ್ಕೊಂದು ಬಡಿಯಂಗಿಲ್ಲ, ಬ್ಯಾರೆ ಆದ ಕ್ಷಣ ಎರಡು ವಾಹನ ಆಗಿ ಒಂದನ್ನೊಂದು ಒದ್ದು ಒಡೀತಾವು.

ನಮ್ಮ ಇಸ್ರೋದ ಪಿಎಸ್‌ಎಲ್‌ವಿ-ಸಿ39 ರಾಕೆಟ್, 2017ರ ಆಗಸ್ಟ್ 31ಕ್ಕ ಹಾರಿದ್ದು, ಅದರಾಗ ಉಪಗ್ರಹ ಮುಚ್ಚಿದ್ದ ಶಾಖ ಕವಚ ಕಳಚಿ ತೆರೀಲೇ ಇಲ್ಲ, ಉಪಗ್ರಹ ಒಳಗ ಉಳೀತು. ಅಕಿಗೆ ಅದನ್ನ ಹೇಳಿದಾಗ ಬಾಳ ಹೊತ್ತು ಸುಮ್ಮನ ಕುಂತಿದ್ಲು. ಒಂದು ಬಿಲ್ಲೆ ಕಳಚೂದು ಎಷ್ಟು ದೊಡ್ಡ ಕೆಲಸ ಅನ್ನೂದು ಅಕಿಗೆ ಅರ್ಥ ಆಗಿತ್ತು. ಪುಸ್ತಕದಾಗ ಮೂರು ಸಾಲು ಓದಿದ್ರ ಇದು ಬರತಿರಲಿಲ್ಲ.

ಕೊರತಿ ಅಂದ್ರ ಕನ್ನಡ ಇಲ್ಲ. ಹಿಂದಿನೂ ಇಲ್ಲ. ಸಣ್ಣ ಅಕ್ಷರದ ಇಂಗ್ಲಿಷ್ ಓದಕೊಂತ ಹೋಗಬೇಕು, ಕನ್ನಡ ಮಾಧ್ಯಮದ ಹುಡುಗರ ಜೋಡಿ ಮೊದಲ ವಾರ ಯಾರರೆ ದೊಡ್ಡವರು ಕುಂಡ್ರಬೇಕು. ಎರಡನೇ ಭಾಗ 2023ರ ಫೆಬ್ರುವರಿಯಾಗ ಅರ್ಲಿ ಆಕ್ಸೆಸ್ ಅಂತ, ಅಂದ್ರ ಪೂರ್ತಿ ಆಗೂ ಮೊದಲೇ ಮಾರಾಟಕ್ಕ, ಬಂದೈತಿ, ನನ್ನ ಮಾತು ಕೇಳೂದಾದ್ರ ಮೊದಲನೇದನ್ನೇ ತಗೋರಿ. ಹಾರಿಸೂ ಮುಂದ ಎಫ್5 ಒತ್ತಿ ಸೇವ್ ಮಾಡೂ ರೂಢಿ ಇಟ್ಕೋರಿ, ನಡುವ ಕರೆಂಟ್ ಹೋದ್ರೂ ಮಾಡಿದ್ದು ಉಳೀತೈತಿ. ಐದಕ್ಕ ಐದು ಕೊಡ್ತೀನಿ.

ಮೊನ್ನೆ ಐತವಾರ ಎರಡೂ ಥಂಪರ್ 13 ಕಿಮೀ ಮ್ಯಾಲ ಸರಿಯಾಗಿ ಬಿಟ್ವು, ಹೂವಿನ ಎಸಳು ಬಿಚ್ಚಿದಂಗ. ಅಕಿ ಕ್ಯಾಮೆರಾ ಹಿಂದ ತಿರುಗಿಸಿ ಅವು ಸಮುದ್ರದ ಕಡೆ ಉರುಳಕೊಂತ ಹೋಗೂದನ್ನ ಚುಕ್ಕಿ ಆಗೂತನ ನೋಡಿದ್ಲು. ಈ ವಾರ ನಾಕು ಬೂಸ್ಟರ್ ಹಚ್ಚಿ ಎರಡೆರಡು ಬಿಡೂದು. ಎದುರುಬದುರಿನ ಜೋಡಿನೇ ಒಮ್ಮೆ ಬಿಡಬೇಕು, ಬಾಜೂಕಿನವು ಬಿಟ್ರ ಒಂದು ಕಡೆ ತೂಕ ಉಳದು ರಾಕೆಟ್ ವಾಲತೈತಿ. ಸ್ಟೇಜ್ ಪಟ್ಟಿ ಅಕಿ ನಿನ್ನೆನೇ ಜೋಡಿಸಿ ಇಟ್ಟಾಳ, ನಾಕೂ ಡಿಕಪ್ಲರಿನ ಬಾಣ ಎರಡೆರಡು ಸಲ ನೋಡಿ.