ಒಂದೇ ಮಾಡೆಲ್, ಮೂರು ಪುಟ್ಟ ಯಂತ್ರ: ಕನ್ನಡಕ್ಕೆ ಯಾವುದು ಒದಗಿತು?

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲವೂ ಅದೇ. ಇಂಟರ್ನೆಟ್ ಇಲ್ಲದೆಯೂ ಅಪ್ಪಯ್ಯನ ಪ್ರಶ್ನೆಗೆ ಕನ್ನಡದಲ್ಲಿ ಉತ್ತರಿಸುವ ಯಂತ್ರವೊಂದು ಮನೆಯಲ್ಲಿರಲಿ ಎಂದು ಮೂರನ್ನು ಪರೀಕ್ಷಿಸಿದೆ: 8 ಜಿಬಿ ಮೆಮೊರಿಯ ರಾಸ್ಪ್‌ಬೆರಿ ಪೈ 5 ಎಂಬ ಅಂಗೈಯಗಲದ ಕಂಪ್ಯೂಟರ್, ಎಐ ಕೆಲಸಕ್ಕೆಂದೇ ಎನ್‌ವಿಡಿಯಾ ಮಾಡಿದ ಪುಟ್ಟ ಕಂಪ್ಯೂಟರ್ ಜೆಟ್ಸನ್ ಓರಿನ್ ನ್ಯಾನೋ ಸೂಪರ್, ಬೀರುವಿನಲ್ಲಿದ್ದ 8 ಜಿಬಿಯ ಆಂಡ್ರಾಯ್ಡ್ ಫೋನು. ಮೂರರಲ್ಲೂ ಭಾಷಾ ಮಾಡೆಲ್ ಓಡಿಸುವ ಲಾಮಾ.ಸಿಪಿಪಿ ಎಂಬ ತಂತ್ರಾಂಶ ಹಾಕಿ, ಗೂಗಲ್‌ನ ಜೆಮ್ಮಾ 3ರ 4 ಬಿಲಿಯನ್ ಪ್ಯಾರಾಮೀಟರಿನ (ಅಂದರೆ ಕಲಿಕೆಯಲ್ಲಿ ಸಿಕ್ಕ ಅಷ್ಟು ಸಂಖ್ಯೆಗಳ) ಮಾಡೆಲನ್ನು, ಒಂದೊಂದು ಸಂಖ್ಯೆಯನ್ನೂ 4 ಬಿಟ್‌ನಷ್ಟಕ್ಕೆ ಕುಗ್ಗಿಸಿ ಓಡಿಸಿದೆ. ಗಾತ್ರ ಸುಮಾರು ಎರಡೂವರೆ ಜಿಬಿ.

ಅಂಗಡಿಯವರು ಮೊದಲು ಹೇಳುವುದು ಟಾಪ್ಸ್ ಲೆಕ್ಕ, ಅಂದರೆ ಯಂತ್ರ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು ಎಂಬುದು. ಜೆಟ್ಸನ್‌ಗೆ 67 ಟಾಪ್ಸ್. ಆದರೆ ಉತ್ತರ ಬರೆಯುವಾಗ ವೇಗ ನಿಂತಿರುವುದು ಮೆಮೊರಿಯ ಮೇಲೆ. ಮಾಡೆಲ್ ಉತ್ತರ ಬರೆಯುವುದು ಟೋಕನ್ ಎಂಬ ಪದದ ಚೂರುಗಳಲ್ಲಿ. ಪ್ರತಿ ಟೋಕನ್‌ಗೂ ಆ ಎರಡೂವರೆ ಜಿಬಿಯನ್ನು ಪೂರ್ತಿ ಒಮ್ಮೆ ಓದಲೇಬೇಕು. ಪೈ 5ರ ಮೆಮೊರಿ ಸೆಕೆಂಡಿಗೆ ಹೆಚ್ಚೆಂದರೆ 17 ಜಿಬಿ ಸಾಗಿಸುತ್ತದೆ, ಜೆಟ್ಸನ್‌ನದು 102 ಜಿಬಿ. ಭಾಗಿಸಿ ನೋಡಿ: ಪೈ ಏನೇ ಮಾಡಿದರೂ ಸೆಕೆಂಡಿಗೆ ಏಳು ಟೋಕನ್ ದಾಟದು. ನನಗೆ ಸಿಕ್ಕಿದ್ದು ನಾಲ್ಕರ ಆಸುಪಾಸು. ಜೆಟ್ಸನ್ ಮಾತ್ರ ನಾನು ಓದುವುದಕ್ಕಿಂತ ಮುಂದೆ ಓಡಿತು. ಪೈಗೆಂದು 2024ರಲ್ಲಿ ಬಂದ 26 ಟಾಪ್ಸ್‌ನ ಎಐ ಹ್ಯಾಟ್+ ಎಂಬ ಜೋಡಣೆ ಬೋರ್ಡನ್ನು ಇದೇ ಕೆಲಸಕ್ಕೆ ಕೊಳ್ಳಬೇಡಿ. ಅದು ಕ್ಯಾಮೆರಾ ಚಿತ್ರ ಗುರುತಿಸಲು ಮಾಡಿದ್ದು.

ಕನ್ನಡಕ್ಕೆ ಇನ್ನೊಂದು ಹೊರೆ ಇದೆ, ಅದು ನನಗೆ ನಿಜಕ್ಕೂ ನೋವಿನ ವಿಷಯ. ಇಂಗ್ಲಿಷ್ ಪದ ಸಾಮಾನ್ಯವಾಗಿ ಒಂದೆರಡು ಟೋಕನ್‌ನಲ್ಲಿ ಮುಗಿದರೆ, 'ಸುಣ್ಣದೊಂದಿಗೆ'ಯಂಥ ಪದ ಹಲವು ಚೂರಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಎಐ ಕಂಪನಿ ಸರ್ವಂ ತನ್ನ 2 ಬಿಲಿಯನ್‌ನ ಸರ್ವಂ-1 ಮಾಡೆಲ್ ಬಿಟ್ಟಾಗ ಹೇಳಿದ್ದೂ ಇದನ್ನೇ: ಭಾರತೀಯ ಭಾಷೆಯ ಒಂದು ಪದಕ್ಕೆ ಬೇರೆ ಮಾಡೆಲ್‌ಗಳು 4ರಿಂದ 8 ಟೋಕನ್ ತಿನ್ನುತ್ತವೆ. ಅಂದರೆ ಪೈಯ ನಾಲ್ಕು ಟೋಕನ್ ಕನ್ನಡದಲ್ಲಿ ಸೆಕೆಂಡಿಗೆ ಒಂದು ಪದವೂ ಆಗದಿರಬಹುದು. ಯಂತ್ರ ಅದೇ, ವಿದ್ಯುತ್ತು ಅದೇ, ಕಾಯುವವರು ಮಾತ್ರ ನಾವು.

ಪರೀಕ್ಷೆಯ ಪ್ರಶ್ನೆ: ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಮಾಡುವುದು ಹೇಗೆ? 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಇದು ಅಡಿಕೆ ಬೆಳೆಗಾರರ ಮನೆಯ ಮಕ್ಕಳಿಗೂ ಗೊತ್ತು. ಮೊದಲು ಆಸೆಪಟ್ಟು ಹಾಕಿದ್ದ 1 ಬಿಲಿಯನ್‌ನ ಪುಟ್ಟ ಮಾಡೆಲೊಂದು ಸುಣ್ಣವನ್ನೇ ಬಿಟ್ಟು ಧೈರ್ಯವಾಗಿ ಉತ್ತರಿಸಿತು. ಸುಣ್ಣವಿಲ್ಲದ ತುತ್ತದ ನೀರು ಹಿಂಗಾರವನ್ನೂ ಕಾಯಿಯನ್ನೂ ಸುಡುತ್ತದೆ. ಅಂದಿನಿಂದ ಮಾಡೆಲಿನ ನೆನಪನ್ನು ನಂಬುವುದು ಬಿಟ್ಟೆ. ನಂಬಿಕಸ್ತ ಕೈಪಿಡಿಯ ಪುಟವನ್ನೇ ಪ್ರಾಂಪ್ಟಿನಲ್ಲಿ, ಅಂದರೆ ಪ್ರಶ್ನೆಯೊಂದಿಗೆ ಮಾಡೆಲಿಗೆ ಕೊಡುವ ಬರಹದಲ್ಲಿ, ಇಟ್ಟು 'ಇದರಲ್ಲಿ ಇದ್ದದ್ದನ್ನಷ್ಟೇ ಹೇಳು' ಎಂದೆ.

ಅಲ್ಲಿ ಜೆಟ್ಸನ್‌ನ ಟಾಪ್ಸ್‌ಗೆ ಬೆಲೆ ಬಂತು. ಬರೆಯಲು ಮೆಮೊರಿ ಬೇಕಾದರೆ, ಪ್ರಾಂಪ್ಟ್ ಓದಲು ಲೆಕ್ಕದ ಬಲ ಬೇಕು. ಒಂದು ಪುಟವನ್ನು ಜೆಟ್ಸನ್ ಕ್ಷಣದಲ್ಲಿ ಓದಿ ಮುಗಿಸುತ್ತದೆ. ಪೈ ನಿಮಿಷಗಟ್ಟಲೆ ಮೌನವಾಗಿ ಕೂರುತ್ತದೆ. ಇದಕ್ಕೆ ಪ್ರಾಂಪ್ಟ್ ಕ್ಯಾಶ್ ದಾರಿ ತೋರಿಸಿತು. ಪುಟವನ್ನು ಒಮ್ಮೆ ಓದಿಸಿ ಆ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಟ್ಟರೆ, ಮುಂದಿನ ಸಲ ಪ್ರಶ್ನೆಯನ್ನಷ್ಟೇ ಓದಿದರಾಯಿತು.

ಫೋನಿನ ಮಾತು ಚಿಕ್ಕದು. ಆಂಡ್ರಾಯ್ಡಿನಲ್ಲಿ ಲಿನಕ್ಸ್ ತಂತ್ರಾಂಶ ಓಡಿಸುವ ಟರ್ಮಕ್ಸ್ ಆ್ಯಪ್ ಒಳಗೆ ಶುರುವಿನಲ್ಲಿ ಪೈಗಿಂತ ಚುರುಕು. ಎರಡು-ಮೂರು ಪ್ರಶ್ನೆ ಆಗುವಷ್ಟರಲ್ಲಿ ಬಿಸಿಯೇರಿ ವೇಗ ಇಳಿಯಿತು. ಕರೆಂಟು ಹೋದರೂ ತನ್ನದೇ ಬ್ಯಾಟರಿ ಇರುವುದು ಅದರ ದೊಡ್ಡ ಗುಣ.

ಕೊನೆಗೆ ಜಗಲಿಯಲ್ಲಿ ಉಳಿದದ್ದು ಪೈ. 2024ರ ಕೊನೆಯಲ್ಲಿ 249 ಡಾಲರಿಗೆ ಬಂದ ಜೆಟ್ಸನ್ 25 ವಾಟ್‌ವರೆಗೆ ಎಳೆಯುತ್ತದೆ. ಮೂರು ದಿನ ಕರೆಂಟಿಲ್ಲದ ಆಷಾಢದಲ್ಲಿ ಇನ್ವರ್ಟರ್ ಮೇಲೆ ಅದನ್ನು ಹಗಲೂ ರಾತ್ರಿ ಇಡಲಾರೆ. ಪೈ ಅದಕ್ಕಿಂತ ಎಷ್ಟೋ ಕಡಿಮೆಗೆ ಬದುಕುತ್ತದೆ. ಅಪ್ಪಯ್ಯನಿಗೂ ಅವಸರವಿಲ್ಲ: "ನಿಧಾನ ಆದರೆ ಆಗ್ಲಿ ಮಾರಾಯ, ಸುಣ್ಣ ಮರೀದಿದ್ರೆ ಸಾಕು" ಅಂದರು. ಟೈಪ್ ಮಾಡುವುದು ಮಾತ್ರ ಅವರಿಂದಾಗದು, ಮಾತಾಡಿ ಕೇಳುವಂತಾಗಬೇಕು. ಮಾತು ಗುರುತಿಸುವ ಮಾಡೆಲೂ ಇದೂ ಜೊತೆಗೆ ಓಡಬೇಕಾದ ದಿನ ಜೆಟ್ಸನ್ನನ್ನೇ ವಾಪಸ್ ಜಗಲಿಗೆ ತರಬೇಕಾದೀತು.