ಪಾಲು ಬಿಟ್ಟು ಹೊರಬರುವವರೇ, ದೊಡ್ಡ ಮೊತ್ತ ತೋರಿಸುವ ವ್ಯಾಲ್ಯುಯೇಶನ್ ರಿಪೋರ್ಟ್ ನಂಬಬೇಡಿ

ಹಾವೇರಿ, ಹುಬ್ಬಳ್ಳಿ ಕಡೆ ಪಾಲುದಾರಿಕೆಯಲ್ಲಿ ವ್ಯಾಪಾರ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತದೆ. ಆದರೆ ನನಗೆ ಅಂಥ ರಿಪೋರ್ಟ್ ಕೊಟ್ಟು ಕೇಸು ಕೆಡಿಸಿದ ಮನುಷ್ಯ ಈಗ ನನ್ನ ಪರಿಚಯದ ಇನ್ನೊಬ್ಬರ ಬೆನ್ನು ಹತ್ತಿದ್ದಾನೆ ಅಂತ ಗೊತ್ತಾದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ.

ನಮ್ಮದು ಬ್ಯಾಡಗಿ ಹತ್ತಿರ ಖಾರದ ಪುಡಿ ಘಟಕ. ಮೂವರು, ಸಮಪಾಲು. 2024ರ ಮಾರ್ಚ್ ಕೊನೆಗೆ ನಾನು ನೋಟಿಸ್ ಕೊಟ್ಟು ಹೊರಬಂದೆ. ಉಳಿದಿಬ್ಬರು ಬ್ಯಾಲೆನ್ಸ್ ಶೀಟ್ ಮುಂದಿಟ್ಟು 31 ಲಕ್ಷ ಕೊಡ್ತೀವಿ ಅಂದರು. ನಮ್ಮ ಬ್ರ್ಯಾಂಡಿಗೆ, ವರ್ಷಗಟ್ಟಲೆ ಓಡಾಡಿ ಹಿಡಿದ ಗಿರಾಕಿಗಳಿಗೆ ಒಂದು ಪೈಸೆಯೂ ಇಲ್ಲ. ಇದು ಅನ್ಯಾಯ ಅಂತ ಈಗಲೂ ಹೇಳ್ತೀನಿ. ಗುಡ್‌ವಿಲ್, ಅಂದರೆ ವ್ಯಾಪಾರ ಗಳಿಸಿದ ಹೆಸರು, ಗಿರಾಕಿಗಳ ಬೆಲೆ ಕೂಡ ಸಂಸ್ಥೆಯ ಆಸ್ತಿ ಎಂದು 1932ರ ಪಾಲುದಾರಿಕೆ ಕಾಯ್ದೆಯ 14ನೇ ಕಲಂನಲ್ಲೇ ಇದೆ. ತೀರಿಕೊಂಡ ಪಾಲುದಾರನ ವಾರಸುದಾರರಿಗೂ ಅದರಲ್ಲಿ ಪಾಲಿದೆ ಎಂದು ಸುಪ್ರೀಂ ಕೋರ್ಟ್ 1970ರಲ್ಲೇ ಹೇಳಿದೆ. ಅಂದರೆ ನನ್ನ ಕೇಸಿನಲ್ಲಿ ಹುರುಳಿತ್ತು. ಇತ್ತು! ಅದನ್ನು ಕೆಡಿಸಿದ್ದು ಆ ರಿಪೋರ್ಟ್.

ನನ್ನ ಪಾಲಿಗೆ ಬೆಲೆ ಕಟ್ಟಿ ರಿಪೋರ್ಟ್ ಕೊಡೋಕೆ ನಾನು ಹಿಡಿದದ್ದು ಹುಬ್ಬಳ್ಳಿಯ ಒಬ್ಬ ಕನ್ಸಲ್ಟೆಂಟ್. ಹೆಸರು ಹಾಕೋದಿಲ್ಲ. ಒಳ್ಳೆ ಆಫೀಸು, ಒಳ್ಳೆ ಮಾತು. ಮೂರು ವರ್ಷದ ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ ರಿಟರ್ನ್, ಕೋಲ್ಡ್ ಸ್ಟೋರೇಜ್ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಫೈಲ್ ಮಾಡಿ ಅವನ ಟೇಬಲ್ ಮೇಲೆ ಇಟ್ಟೆ. ಅವನು ಹೇಳಿದ್ದು: "ಅಣ್ಣಾರ, ಚಿಂತಿ ಮಾಡಬ್ಯಾಡ್ರಿ. ನಂಬರ್ ದೊಡ್ಡದಿದ್ರ ಕೋರ್ಟ್ ಅರ್ಧಾನಾದ್ರೂ ಕೊಡ್ತೈತಿ." ಫೀಸು ಮುಂಗಡ ತಗೊಂಡ.

ಬಂದ ರಿಪೋರ್ಟಿನಲ್ಲಿ ನನ್ನ ಪಾಲು 1.40 ಕೋಟಿ. ಅದರ ಮೇಲೆ ಮುಂದಿನ ಐದು ವರ್ಷ ನನಗೆ ಬರಬೇಕಿದ್ದ ಲಾಭ ಹೋಯಿತು ಅಂತ ಇನ್ನೂ 60 ಲಕ್ಷ ನಷ್ಟ ಪರಿಹಾರ. ದಪ್ಪ ಪುಸ್ತಕ, ಬಣ್ಣದ ಗ್ರಾಫು. ನೋಡಿದರೆ ಯಾರಾದರೂ ನಂಬಬೇಕು, ಹಾಗಿತ್ತು.

ವ್ಯಾಪಾರದ ವ್ಯಾಜ್ಯ ನೋಡುವ ಕಮರ್ಷಿಯಲ್ ಕೋರ್ಟಿನಲ್ಲಿ ಕೇಸು ನಡೆದದ್ದು ಹೀಗೆ. ಮೊದಲು ಮಧ್ಯಸ್ಥಿಕೆ, ಅದು ಮುರಿದು ಬಿತ್ತು, ಆಮೇಲೆ ದಾವೆ. ಆ 60 ಲಕ್ಷಕ್ಕೂ ಸೇರಿ ಕೋರ್ಟ್ ಫೀ ಕಟ್ಟಿದೆ.

ಆ ಕನ್ಸಲ್ಟೆಂಟ್‌ನ ಪಾಟೀ ಸವಾಲಿನ ದಿನ ಮರೆಯೋಕೆ ಆಗುತ್ತಿಲ್ಲ. ಎದುರು ವಕೀಲರು ದನಿಯನ್ನೂ ಏರಿಸಲಿಲ್ಲ.

"ಘಟಕಕ್ಕೆ ಹೋಗಿದ್ದೀರಾ?"
"ಇಲ್ಲ."
"ವರ್ಷಕ್ಕೆ 25 ಪರ್ಸೆಂಟ್ ಬೆಳವಣಿಗೆ ಅಂತ ಹಾಕಿದ್ದೀರಿ. ಯಾವ ಆಧಾರದ ಮೇಲೆ?"
"ಗ್ರಾಹಕರು, ಅಂದರೆ ಈ ದಾವೆ ಹಾಕಿದವರೇ ಹೇಳಿದ ಅಂಕಿ."

ನಾನು ಯಾವ ಅಂಕಿಯನ್ನೂ ಹೇಳಿರಲಿಲ್ಲ! ಒಂದೇ ಒಂದು ಅಂಕಿ ಹೇಳಿರಲಿಲ್ಲ. ಫೈಲ್ ಕೊಟ್ಟಿದ್ದೆ, ಅಷ್ಟೇ. ಕಟಕಟೆಯಲ್ಲಿ ನಿಂತು ನನ್ನ ತಲೆಗೇ ಕಟ್ಟಿದ.

ವಕೀಲರು ಬಿಡಲಿಲ್ಲ. "ಜಿಎಸ್‌ಟಿ ರಿಟರ್ನ್ ಜೊತೆ ತಾಳೆ ನೋಡಿದ್ದೀರಾ?" ಇಲ್ಲ. "ಕೋಲ್ಡ್ ಸ್ಟೋರೇಜಿನ ಮೆಣಸಿನಕಾಯಿಗೆ ಖರೀದಿ ದರ ಹಾಕಿದ್ದೀರಿ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು ರೈತರು ರೊಚ್ಚಿಗೆದ್ದಿದ್ದು ಗೊತ್ತಾ?" ಅವನು ಸುಮ್ಮನೆ ನಿಂತ. ಮಾಲಿನ ಬೆಲೆ ಹಾಕುವಾಗ ಖರೀದಿ ದರ, ಮಾರಿದರೆ ಬರುವ ದರ, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಹಿಡಿಯಬೇಕು. ನಮ್ಮ ಗುಮಾಸ್ತನಿಗೂ ಗೊತ್ತಿರುವ ವಿಷಯ. ನಾನು ಹೊರಬಂದಿದ್ದೇ ದರ ಬಿದ್ದ ತಿಂಗಳಲ್ಲಿ. ಲೆಕ್ಕ ಆ ದಿನದ್ದೇ ಆಗಬೇಕು.

ಕೊನೆಗೆ, "ನೀವು ಚಾರ್ಟರ್ಡ್ ಅಕೌಂಟೆಂಟಾ?" ಅಲ್ಲ. "ನೋಂದಾಯಿತ ಮೌಲ್ಯಮಾಪಕರಾ?" ಅಲ್ಲ. ಹಿಂದಿನ ಬೆಂಚಿನಲ್ಲಿ ನನ್ನ ಮಾಜಿ ಪಾಲುದಾರರು ಕೂತಿದ್ದರು. ತಲೆ ಎತ್ತೋಕೆ ಆಗಲಿಲ್ಲ.

ಸಂಜೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ. "ರಿಪೋರ್ಟಿನ ಕೊನೇ ಪುಟ ನೋಡ್ರಿ. ಗ್ರಾಹಕರು ಕೊಟ್ಟ ಮಾಹಿತಿ ನಾವು ಪರಿಶೀಲಿಸಿಲ್ಲ ಅಂತ ಬರದೇವಿ." ನಾನು ಅಂಕಿ ಹೇಳಿದ್ದು ಯಾವಾಗ ಅಂತ ಕೇಳಿದೆ. "ಕೋರ್ಟಿನಾಗ ಏನರ ಒಂದು ಹೇಳಬೇಕಲ್ರಿ." ಆಮೇಲೆ ವಾಟ್ಸಾಪ್‌ನಲ್ಲಿ ಬಿಲ್ ಬಂತು. ಸಾಕ್ಷಿ ಹೇಳಲು ಬಂದಿದ್ದಕ್ಕೆ ಬೇರೆ ಫೀಸು! ದುಡ್ಡು ವಾಪಸ್ ಕೊಡು ಅಂದರೆ, "ಜಡ್ಜು ಒಪ್ಪಲಿಲ್ಲ ಅಂದ್ರ ನಾ ಏನ್ ಮಾಡ್ಲಿ" ಅಂತ ಮೆಸೇಜು. ಇನ್ನೊಂದು ಸಲ ಕೇಳಿದೆ. ಬ್ಲಾಕ್ ಮಾಡಿದ.

ಜಡ್ಜು ಏಕೆ ಒಪ್ಪಲಿಲ್ಲ ಅನ್ನೋದು ತೀರ್ಪು ಓದಿದಾಗ ತಿಳಿಯಿತು. ತಜ್ಞರ ಮಾತು ಬರೀ ಅಭಿಪ್ರಾಯ. ಹಿಂದೆ ಸಾಕ್ಷ್ಯ ಕಾಯ್ದೆಯ 45ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39. ಅದರ ಹಿಂದೆ ದಾಖಲೆ ಇದ್ದರೆ ತೂಕ, ಇಲ್ಲದಿದ್ದರೆ ಇಲ್ಲ. ಕೇಳಿದ್ದರಲ್ಲಿ ಅರ್ಧ ಕೊಡೋಕೆ ಕೋರ್ಟ್ ಏನು ಸಂತೆಯ ಚೌಕಾಸಿ ನಡೆಸುತ್ತದಾ? ಆ 60 ಲಕ್ಷವಂತೂ ಪೂರ್ತಿ ಹೋಯಿತು. 1872ರ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರ ಇಲ್ಲ. ಅದೂ ಅಲ್ಲದೆ, ಮುಂದೆ ಬರುವ ಲಾಭವನ್ನು ಲೆಕ್ಕ ಹಾಕಿಯೇ 1.40 ಕೋಟಿ ಮಾಡಿದ್ದ. ಅದೇ ಲಾಭವನ್ನು ನಷ್ಟ ಅಂತ ಇನ್ನೊಂದು ಸಲ ಕೇಳಿದ್ದ. ಒಂದೇ ದುಡ್ಡು ಎರಡು ಸಲ! ಇದನ್ನು ಓದಿದಾಗ ಮೈ ಉರಿದು ಹೋಯಿತು.

ನನಗೆ ನಿಜವಾಗಿ ಸಿಗಬೇಕಾಗಿದ್ದನ್ನು ಅವನು ಎತ್ತಲೇ ಇಲ್ಲ. ಹೊರಬಂದವನ ಲೆಕ್ಕ ತೀರಿಸದೆ ಉಳಿದವರು ವ್ಯಾಪಾರ ನಡೆಸಿದರೆ, ಅವನ ಪಾಲಿನ ಹಣದಿಂದ ಬಂದ ಲಾಭ ಅಥವಾ ವರ್ಷಕ್ಕೆ ಶೇ. 6 ಬಡ್ಡಿ, ಎರಡರಲ್ಲಿ ಒಂದನ್ನು ಅವನೇ ಆರಿಸಿಕೊಳ್ಳಬಹುದು. ಪಾಲುದಾರಿಕೆ ಕಾಯ್ದೆಯ 37ನೇ ಕಲಂ. ಇದನ್ನು ಹೇಳಿದ್ದು ನನ್ನ ವಕೀಲರು.

ಕೋರ್ಟ್ ಲೆಕ್ಕ ತೆಗೆಯೋಕೆ ಒಬ್ಬ ಸಿಎ ಅವರನ್ನು ಕಮಿಷನರ್ ಮಾಡಿತು. ಅವರು ಘಟಕಕ್ಕೆ ಬಂದರು, ಮಾಲು ನೋಡಿದರು, ಹಳೆಯ ಮೂರು ವರ್ಷದ ಸರಾಸರಿ ಲಾಭ ಹಿಡಿದು ಗುಡ್‌ವಿಲ್ ಹಾಕಿದರು. ಯಾವುದರಿಂದ? ನಾನು ಆ ಕನ್ಸಲ್ಟೆಂಟ್‌ಗೆ ಕೊಟ್ಟಿದ್ದ ಅದೇ ಫೈಲಿನಿಂದ. ನನ್ನ ಪಾಲು 46 ಲಕ್ಷ. ಸರಿಯಾದ ರಿಪೋರ್ಟ್ ಮೊದಲೇ ಇದ್ದಿದ್ದರೆ ಮಧ್ಯಸ್ಥಿಕೆಯಲ್ಲೇ ಮುಗಿಯುತ್ತಿತ್ತು. ನಾವು ತಂದ ಮೊತ್ತ ನೋಡಿ ಎದುರಿನವರು ಎದ್ದು ಹೋಗಿದ್ದರು, ಅದು ಈಗ ಅರ್ಥ ಆಗುತ್ತಿದೆ.

ನೀವು ಮಾಡಬೇಕಾದದ್ದು ಇಷ್ಟೇ. ಪಾಲುದಾರಿಕೆ ಸಂಸ್ಥೆಗೆ ನೋಂದಾಯಿತ ಮೌಲ್ಯಮಾಪಕರೇ ಬೇಕು ಅಂತ ಕಾನೂನು ಇಲ್ಲ, ಆದರೂ ಅರ್ಹತೆ ಕೇಳಿ. ನೋಂದಾಯಿತ ಅಂತ ಹೇಳಿಕೊಂಡರೆ ಮೌಲ್ಯಮಾಪಕರನ್ನು ನೋಂದಾಯಿಸುವ ಭಾರತೀಯ ದಿವಾಳಿತನ ಮಂಡಳಿ, ಅಂದರೆ ಐಬಿಬಿಐ ಪಟ್ಟಿಯಲ್ಲಿ ಹೆಸರು ನೋಡಿ. ಸ್ಥಳಕ್ಕೆ ಬರೋದು, ಕೋರ್ಟಿಗೆ ಬರೋದು, ಎರಡೂ ಫೀಸಿನಲ್ಲೇ ಸೇರಿದೆ ಅಂತ ಬರೆಸಿಕೊಳ್ಳಿ. ಕೊನೇ ಪುಟ ಮೊದಲು ಓದಿ. ದಾವೆ ಹಾಕುವ ಮುಂಚೆಯೇ ರಿಪೋರ್ಟನ್ನು ನಿಮ್ಮ ವಕೀಲರಿಂದ ಪಾಟೀ ಸವಾಲು ಮಾಡಿಸಿ.

ಅವನ ಮೇಲೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಇದೇ ರೀತಿ ಮುಂಗಡ ಕೊಟ್ಟು ಮೋಸಹೋದವರು ಇದ್ದರೆ ರಸೀದಿ, ರಿಪೋರ್ಟ್, ಮೆಸೇಜು ಯಾವುದನ್ನೂ ಅಳಿಸಬೇಡಿ. ನನಗೆ ತಿಳಿಸಿ.